ಅಕ್ಕಾರು ಕೇಳುತ್ತಿದ್ದ ಚಪ್ಪಾಳೆ

ಹೊಸ ಕಂಪ್ಯೂಟರಿನ ಮುಂದೆ ಕುಳಿತ ಕೂಡಲೇ ಅಕ್ಕಾರು ಎರಡೂ ಕೈಯ ಹಸಿರು ಬಳೆಗಳನ್ನು ಮೊಳಕೈವರೆಗೆ ಸರಿಸಿಕೊಳ್ಳುತ್ತಿದ್ದರು. ಕಿಣಿಕಿಣಿ ಸಪ್ಪಳ ಕಿವಿಗೆ ಅಡ್ಡ ಬರುತ್ತದೆ ಎಂದು. ಬಿಗಿದ ಬಳೆಗಳ ಕೆಂಪು ಗೆರೆ ಸಂಜೆಯವರೆಗೂ ತೋಳಿನ ಮೇಲೆ ಹಾಗೇ ಇರುತ್ತಿತ್ತು.

ಗೋಕಾಕದಲ್ಲಿ ನಮ್ಮಿಬ್ಬರದು ಪಾಲಿನ ಅಂಗಡಿ. ಮದುವೆ ವಿಡಿಯೊ ಎಡಿಟಿಂಗ್ ಮಾಡುವವರಿಗೆ ದೊಡ್ಡ ವರ್ಕ್‌ಸ್ಟೇಷನ್ ಕಂಪ್ಯೂಟರುಗಳನ್ನು ನಾನು ಜೋಡಿಸುತ್ತಿದ್ದೆ. ಅದರೊಳಗೆ ಹಾಕುವ ಆಪರೇಟಿಂಗ್ ಸಿಸ್ಟಮ್ ಹೇಗಿದೆ ಎಂದು ಅಕ್ಕಾರು ನೋಡುತ್ತಿದ್ದರು. ಒಮ್ಮೆ ಲಗ್ನದ ಹಂಗಾಮಿನಲ್ಲೇ ಹೊಸ ಆವೃತ್ತಿ ಬಂದು ಗಿರಾಕಿಗಳ ಕೆಲಸವೆಲ್ಲ ಕೆಟ್ಟು ಕೂತಿತ್ತು. ಅಂದಿನಿಂದ ಅವರು ಬಿಡುಗಡೆಗೆ ಮುಂಚಿನ ಬೀಟಾ ಆವೃತ್ತಿಯನ್ನೇ ತರಿಸಿ, ಹೊಸ ಯಂತ್ರಕ್ಕೆ ಹಾಕಿ ನೋಡಿ, ತಪ್ಪು ಕಂಡರೆ ಕಂಪನಿಗೆ ಬರೆಯತೊಡಗಿದರು. ಮೂಡಲಗಿಯಿಂದಾಗಲಿ ಹುಕ್ಕೇರಿಯಿಂದಾಗಲಿ ಫೋನು ಬಂದರೆ ಮೊದಲ ಪ್ರಶ್ನೆ ಒಂದೇ: “ಅಕ್ಕಾರು ನೋಡ್ಯಾರೇನ್ರಿ?” ಬೆವರು ಸುರಿಸಿ ಯಂತ್ರ ಜೋಡಿಸಿದ ನನ್ನನ್ನು ಕೇಳುವ ನಾಯಿಯೂ ಇರಲಿಲ್ಲ.

ಪರೀಕ್ಷೆಗೆ ಅವರು ಹಾಕುತ್ತಿದ್ದದ್ದು ಯಾವಾಗಲೂ ಒಂದೇ ವಿಡಿಯೊ. ಮಸಗುಪ್ಪಿಯ ಹೊಲದ ಬದುವಿನ ಮೇಲೆ ಕೆಂಪು ಅಂಗಿಯ ಹುಡುಗನೊಬ್ಬ ಕುರಿಮರಿಗಳ ಹಿಂದೆ ಓಡಿ ಬರುತ್ತಾನೆ. ನಿಂತು, “ಯವ್ವಾ, ಇಲ್ಲಿ ನೋಡ!” ಎಂದು ಚಪ್ಪಾಳೆ ಹೊಡೆಯುತ್ತಾನೆ. ಅಷ್ಟೆ. ಅಂಗಿಯ ಕೆಂಪು ಮಾಸಿದಂತೆ ಕಂಡರೆ, ಕುರಿಮರಿ ತಡೆತಡೆದು ಓಡಿದರೆ, ಅಕ್ಕಾರು ತಲೆ ಅಲ್ಲಾಡಿಸುತ್ತಿದ್ದರು.

ಅವನು ಅವರ ತೀರಿಹೋದ ಒಬ್ಬನೇ ಮಗ. ನೋಡಲಾರದೆ ಒಮ್ಮೆ ಸಿಟ್ಟಿನಿಂದಲೇ ಕೇಳಿದೆ: “ಅಕ್ಕಾರ, ಬ್ಯಾರೆ ವಿಡಿಯೊ ಇಲ್ಲೇನ್ರಿ? ಯಾಕ ಹಿಂಗ ಕರುಳ ಕಿತ್ಕೋತೀರಿ?”

“ಮಂದಿ ಲಗ್ನದ್ದ ಹಾಕಿದ್ರ ಕಣ್ಣ ತೂಕಡಸ್ತಾವ, ತಮ್ಮಾ. ಇವನ್ನ ಹಾಕಿದ್ರ ರೆಪ್ಪಿ ಬಡಿಯೂದಿಲ್ಲ. ಮಂದಿನೂ ಅವರವರ ಕರುಳನ್ನ ಇದರಾಗ ಇಡ್ತಾರಲ್ಲ?”

ಒಂದು ಬೀಟಾದಲ್ಲಿ ಹುಡುಗನ ಕೈಗಳು ಕೂಡಿದ ಮೇಲೆ, ಕೂದಲೆಳೆಯಷ್ಟು ತಡವಾಗಿ ಚಪ್ಪಾಳೆ ಕೇಳಿಸಿತಂತೆ. ನನಗೆ ತಿಳಿಯಲೇ ಇಲ್ಲ. “ಅಷ್ಟರಾಗ ಏನ್ ಮುಳುಗ್ತೈತ್ರಿ?” ಎಂದೆ. ಹುಕ್ಕೇರಿಯ ಗಿರಾಕಿಯೊಬ್ಬ ಆ ಹೊಸ ಆವೃತ್ತಿಯೇ ಬೇಕೆಂದು ಪಟ್ಟು ಹಿಡಿದಿದ್ದ. ಅಕ್ಕಾರು ಬಗ್ಗಲಿಲ್ಲ, ಹಳೆಯದನ್ನೇ ಹಾಕಿ ಕಳಿಸಿದರು. “ಅಂವ ಹೊಡದಾಗ ಕೇಳಬೇಕು. ಹೊಡದ ಮ್ಯಾಲ ಅಲ್ಲ,” ಎಂದು ನನ್ನನ್ನು ಬಾಜೂ ಕೂರಿಸಿಕೊಂಡು, ನನ್ನ ಕಿವಿಗೆ ಹತ್ತುವವರೆಗೂ ಆ ಚಪ್ಪಾಳೆಯನ್ನು ಮತ್ತೆ ಮತ್ತೆ ಕೇಳಿಸಿದರು. ಸತ್ತ ಮಗನನ್ನು ಮುಂದಿಟ್ಟುಕೊಂಡು ಪಾಠ ಹೇಳಲು ಎಂಥ ಗಟ್ಟಿ ಜೀವ ಬೇಕು!

ಈ ವರ್ಷ ಅವರಿಗೆ ದೊಡ್ಡ ಜಡ್ಡು ಬಂತು. ಹೊಸ ಬೀಟಾ ಬಂದಿದೆ ಎಂದು ಕೇಳಿ, ದವಾಖಾನೆಯಿಂದ ಬಿಟ್ಟ ಕೂಡಲೇ ಹಟ ಮಾಡಿ ಅಂಗಡಿಗೆ ಬಂದರು. ಬಳೆ ಸರಿಸಿದರು. ತೋಳು ಸೊರಗಿತ್ತು, ಬಳೆಗಳು ನಿಲ್ಲದೆ ಜಾರಿ ಮತ್ತೆ ಮಣಿಕಟ್ಟಿಗೆ ಬಂದವು. ಹುಡುಗ ಓಡಿ ಬಂದ, ಕರೆದ, ಚಪ್ಪಾಳೆ ಹೊಡೆದ.

“ಸರಿ ಐತಿ,” ಎಂದರು.

ಸರಿ ಇರಲಿಲ್ಲ. ಸಪ್ಪಳ ಹಿಂದೆ ಬಿದ್ದಿತ್ತು. ಸುಮ್ಮನಿದ್ದುಬಿಡಲೇ ಅನ್ನಿಸಿತು. ಆದರೆ ಆ ಮಗನ ವಿಷಯದಲ್ಲಿ ಅವರಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. “ಇಲ್ರಿ ಅಕ್ಕಾರ... ತಡಾ ಐತ್ರಿ.”

ಮತ್ತೊಮ್ಮೆ ಹಾಕಿಸಿದರು. ಮತ್ತೂ ಒಮ್ಮೆ. ಅವರಿಗೆ ತಿಳಿಯಲಿಲ್ಲ. ಮೌಸನ್ನು ನನ್ನ ಕಡೆ ಸರಿಸಿದರು.

“ಹಂಗಾರ ಇನ್ನ ಮ್ಯಾಲ ಅವನ್ನ ನೀನ ನೋಡ್ಕೋಬೇಕ, ತಮ್ಮಾ.”

ಆ ತಪ್ಪನ್ನು ಕಂಪನಿಗೆ ನಾನೇ ಬರೆದೆ. ಅದು ತಿದ್ದುಪಡಿಯಾಗಿ ಬರುವ ಹೊತ್ತಿಗೆ ಅಕ್ಕಾರು ಇರಲಿಲ್ಲ. ಅವರ ಮಣ್ಣಿನ ಕಾರ್ಯ ಮುಗಿಸಿ ಅಂಗಡಿ ತೆರೆದ ದಿನ ಹೊಸದನ್ನು ಹಾಕಿ ಕುಳಿತೆ. ಹುಡುಗ ಬದುವಿನ ಮೇಲೆ ಓಡಿ ಬಂದ. ಕೈ ಕೂಡಿದಾಗಲೇ ಚಪ್ಪಾಳೆ ಕೇಳಿಸಿತು. ಹೇಳೋಣವೆಂದು ಬಾಜೂ ತಿರುಗಿದರೆ ಕುರ್ಚಿ ಖಾಲಿ. ಸಣ್ಣ ಮಕ್ಕಳ ಹಾಗೆ ಅತ್ತೆ.

ಅಷ್ಟರಲ್ಲಿ ಮೂಡಲಗಿಯಿಂದ ಫೋನು. ಸುದ್ದಿ ತಿಳಿಯದ ಹಳೆಯ ಗಿರಾಕಿ. “ಹೊಸಾದ ಬಂದೈತಂತ. ಅಕ್ಕಾರು ನೋಡ್ಯಾರೇನ್ರಿ?”

“ನಾ ನೋಡೇನ್ರಿ,” ಎಂದೆ. ಮುಂದಿನ ಮಾತು ಆ ಗಿರಾಕಿಗೆ ಅರ್ಥವಾಗುವಂಥದ್ದಲ್ಲ, ಆದರೂ ಬಾಯಿಂದ ಬಂದುಬಿಟ್ಟಿತು. “ಹುಡುಗ ಅರಾಮ ಅದಾನ್ರಿ.”