ಹುಳಕ್ಕೂ ಕಂಬಳಿ

ನಮ್ಮ ಅಪ್ಪನ ಅಲಕ್ಷ್ಯದಿಂದ ಹುಳಗಳು ಸತ್ತವೆಂದು ಗಡಹಿಂಗ್ಲಜದಿಂದ ಬಂದ ಕೃಷಿ ಸಾಹೇಬರು ವರದಿ ಬರೆದರು. ಅದು ಸುಳ್ಳು. ಐವತ್ತರ ದಶಕದ ಕೊನೆಯ ಆ ಬೇಸಿಗೆಯನ್ನು ನಾನು ಮರೆತಿಲ್ಲ.

ಹಲಕರ್ಣಿಯಲ್ಲಿ ನಮ್ಮ ಕುರಿ ಮೇಯುವ ಗುಡ್ಡವನ್ನು ಪಾಪಾಸುಕಳ್ಳಿ ಆವರಿಸಿತ್ತು. ಮುಳ್ಳು ನಟ್ಟು ಕುರಿಗಳ ಬಾಯಲ್ಲಿ ಕೀವು ತುಂಬುತ್ತಿತ್ತು. ಕಳ್ಳಿಯ ರಸ ಹೀರಿ ಅದನ್ನು ಒಣಗಿಸುವ, ಬಿಳಿ ಹತ್ತಿಯಂತೆ ಕಾಣುವ ಹುಳಗಳನ್ನು ಸಾಹೇಬರು ಕೊಲ್ಲಾಪುರದಿಂದ ತಗಡಿನ ಡಬ್ಬಿಯಲ್ಲಿ ತಂದಿದ್ದರು. ಅವರು ನಮ್ಮಲ್ಲಿ ಚಹಾ ಕುಡಿಯುವಾಗ ಡಬ್ಬಿ ಜೀಪಿನ ಮೇಲೆ, ಸುಡುವ ಬಿಸಿಲಿನಲ್ಲಿತ್ತು.

ಅಪ್ಪ ಕಂಬಳಿ ತೋಯಿಸಿ ತಂದರು. “ಸಾಹೇಬ್ರ, ಇದನ್ನ ಹೊಚ್ಚಿ ನೆರಳಿಗಿಡೂಣ್ರಿ. ಬಿಸಲಾಗ ಕುರಿನೂ ಮೇಯಂಗಿಲ್ಲ, ಬರೇ ತೇಕತಾವ. ಹುಳದ್ದೂ ಜೀವ ಅಲ್ರೀ?”

“ಹುಳಕ್ಕೂ ಕಂಬಳಿ ಹೊಚ್ಚತೀರೇನಪಾ? ನಾಳೆ ಟೊಪಗಿನೂ ಹೊಲಿಸ್ರಿ!” ಎಂದು ಸಾಹೇಬರು ನಕ್ಕರು. ಡಬ್ಬಿ ಬಿಸಿಲಲ್ಲೇ ಉಳಿಯಿತು.

ಸಂಜೆ ಡಬ್ಬಿಯಲ್ಲಿದ್ದ, ಹುಳ ಹತ್ತಿದ ಕಳ್ಳಿಯ ತುಂಡುಗಳನ್ನು ಗುಡ್ಡದ ಕಳ್ಳಿಗೆ ಕಟ್ಟಿದೆವು. ದಿನಗಳು ಕಳೆದರೂ ಒಂದು ಮರಿಹುಳವೂ ಹೊಸ ಕಳ್ಳಿಗೆ ದಾಟಲಿಲ್ಲ. ಬಿಳಿ ಹತ್ತಿಯನ್ನು ಸರಿಸಿದರೆ ಹುಳಗಳು ಸುಕ್ಕುಗಟ್ಟಿದ್ದವು. ಒತ್ತಿದರೆ ಬರಬೇಕಾದ ಕೆಂಪು ರಸವಿರಲಿಲ್ಲ. ಕಾವು ಏರಿದಂತೆ ಹುಳದ ಉಸಿರಾಟ ಬಿರುಸಾಗಿ, ಒಡಲಲ್ಲಿ ಕೂಡಿಟ್ಟ ಕೊಬ್ಬು ಕರಗುತ್ತದೆ. ಮಿತಿ ಮೀರಿದರೆ ಅದು ಆಹಾರವನ್ನೇ ಬಿಡುತ್ತದೆ ಎಂದು ನಾನು ಮುಂದೆ ಪುಸ್ತಕದಲ್ಲಿ ಓದಿದೆ. ಅಪ್ಪ ಅದನ್ನು ಕುರಿಗಳನ್ನು ನೋಡಿಯೇ ಅರಿತಿದ್ದರು.

ಆ ವರದಿಯ ಕಾರಣ ನಮ್ಮೂರಿಗೆ ಮತ್ತೆ ಹುಳ ಕೊಡಲಿಲ್ಲ. ಅಪ್ಪ ವರ್ಷಗಟ್ಟಲೆ ಕುರಿಗಳ ಬಾಯಿಂದ ಮುಳ್ಳು ಕೀಳುತ್ತಲೇ ಇದ್ದರು. ಸಾಹೇಬರೆ, ಅಪ್ಪನ ಹೆಸರು ಬರೆದ ಅದೇ ಕಾಗದದಲ್ಲಿ ನಿಮ್ಮ ಡಬ್ಬಿ ಎಲ್ಲಿತ್ತೆಂಬುದನ್ನು ಏಕೆ ಬರೆಯಲಿಲ್ಲ?