ಖಡಕ್ ಕೆಂಚನ ಕೊನೆಯ ಭಾಗ

‘ನಮ್ಮ ಕಾಲದಾಗ’ ಎಂದು ಶುರು ಮಾಡುವಷ್ಟು ವಯಸ್ಸು ನನಗಿನ್ನೂ ಆಗಿಲ್ಲ. ಆದರೂ ಗುಂಡಿ ಒತ್ತುವ ಮೊಬೈಲಿನಲ್ಲಿ ಇಡೀ ಸಿನಿಮಾ ತೆಗೆಯುತ್ತಿದ್ದೆವು ಎಂದರೆ, ಅಪ್ಪ ಸುಳ್ಳು ಹೇಳುತ್ತಾನೆ ಎಂದೇ ನನ್ನ ಮಗ ತಿಳಿಯುತ್ತಾನೆ. ಆಗ ಉಗುರಿನಷ್ಟು ಮೆಮೊರಿ ಕಾರ್ಡು. ಅದು ತುಂಬಿತೆಂದರೆ ಹಾಡು ಅಳಿಸಬೇಕು, ಇಲ್ಲವೇ ಯಾರದೋ ಮದುವೆಯ ಫೋಟೋ ಅಳಿಸಬೇಕು. ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ರಸ್ತೆಯ ಮೇಲಿದ್ದ ನಮ್ಮೂರಿನಲ್ಲಿ ಹಾಗೆ ಅಳಿಸಿ ಅಳಿಸಿ ‘ಖಡಕ್ ಕೆಂಚ’ ಎಂಬ ಹೊಡೆದಾಟದ ಸಿನಿಮಾದ ಮೂರು ಭಾಗ ಮುಗಿಸಿದ್ದೆವು.

ಕೆಂಚ ಅಂದರೆ ನಾನು. ಎಂಟನೇ ಇಯತ್ತೆಗೆ ಸಾಲಿ ಬಿಟ್ಟು ಗೋಡೆ ಕಟ್ಟುವ ಗೌಂಡಿಯ ಕೈಕೆಳಗೆ ಇಟ್ಟಂಗಿ ಹೊರುತ್ತಿದ್ದೆ. ತೋಳು ಗಟ್ಟಿಯಾಗಿದ್ದವು. ಸಾಲಿಗೆ ಹೋಗುವ ಹುಡುಗರ ನಡುವೆ ಹೀರೋ ಆಗಲು ಅದೊಂದೇ ನನ್ನ ಅರ್ಹತೆ, ಅದರ ಜಂಬವೂ ಇತ್ತು. ಶಿವು ಡೈರೆಕ್ಟರು, ಯಾಕೆಂದರೆ ಮೊಬೈಲು ಅವನ ಅಣ್ಣನದು. ಎತ್ತರದ ಫಕ್ಕೀರೇಶ ವಿಲನ್ನು. ಉಳಿದ ಹುಡುಗರು ಮೊದಲರ್ಧ ಪೊಲೀಸರು, ಆಮೇಲೆ ಅಂಗಿ ಬದಲಿಸಿ ರೌಡಿಗಳು. ಹೊಡೆತದ ಸಪ್ಪಳವನ್ನು ಶಿವು ಮೊಬೈಲಿನ ಹಿಂದಿನಿಂದ ಬಾಯಲ್ಲೇ ಮಾಡುತ್ತಿದ್ದ. ರಕ್ತಕ್ಕೆ ಬೆಲ್ಲದ ಪಾಕದಲ್ಲಿ ಕುಂಕುಮ ಕಲಸುತ್ತಿದ್ದೆವು. ಸತ್ತು ಬಿದ್ದ ರೌಡಿ ಮೂಗಿನ ಕೆಳಗೆ ಬಂದದ್ದನ್ನು ನೆಕ್ಕಿದರೆ ಇಡೀ ಸೀನು ಮತ್ತೆ ಮೊದಲಿನಿಂದ.

ಆ ವರ್ಷ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ಶಿವುನ ಅಣ್ಣನ ಮದುವೆ ಗೊತ್ತಾಯಿತು. ಮದುವೆಯಾದವನ ಮೊಬೈಲು ತಮ್ಮನ ಕೈಗೆ ಸಿಗುವುದಿಲ್ಲ ಎಂದು ತಿಳಿಯುವಷ್ಟು ಬುದ್ಧಿ ನಮಗೂ ಬಂದಿತ್ತು. ಇದೇ ಕೊನೆಯ ಭಾಗ ಎಂದು ಶಿವು ಹನುಮಪ್ಪನ ಗುಡಿಕಟ್ಟೆಯ ಮೇಲೆ ಘೋಷಿಸಿದ. ಫಕ್ಕೀರೇಶ ತಕರಾರು ತೆಗೆದ.

“ಮೂರು ಸಲ ಸತ್ತೇನಿ ನಾ. ಈ ಸಲ ಇಂವ ಸಾಯ್ಲಿ.”

“ಹೀರೋ ಸಾಯೂದಿಲ್ಲಲೇ,” ಎಂದೆ ನಾನು.

“ಯಾಕ, ನೀ ಏನು ಉಪ್ಪಿನಕಾಯೇನು, ಕೆಡದ ಇರಾಕ?”

ಎಲ್ಲರೂ ನಕ್ಕರು. ಶಿವು ಮಾತ್ರ ನಗಲಿಲ್ಲ. ಅವನ ಕಣ್ಣಲ್ಲಿ ಆಗಲೇ ಸೀನು ಓಡುತ್ತಿತ್ತು. “ಸಾಯ್ಲಿ,” ಅಂದ. “ಆದರ ಸುಮ್ಮನ ಸಾಯೂದಲ್ಲ. ಮೆರವಣಿಗಿ ಮಾಡೂಣು.”

ನಮ್ಮ ಮಂದಿಯಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ಹಣೆಗೆ ವಿಭೂತಿ ಬಳಿದು, ಹೂ ಏರಿಸಿ, ಕೂರಿಸಿಯೇ ಒಯ್ಯುತ್ತಾರೆ. ಒಂದು ಶನಿವಾರ ಸಾಲಿ ಬಿಟ್ಟ ಮೇಲೆ ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ಯಾರದೋ ಹೊಲದ ಚೆಂಡುಹೂ ಹರಿದು ತಂದು ಮಾಲೆ ಮಾಡಿ ನನ್ನನ್ನು ಕೂರಿಸಿದರು. ತಲೆ ಬೀಳದಂತೆ ಹಣೆಗೊಂದು ಬಟ್ಟೆ ಸುತ್ತಿ ಕುರ್ಚಿಯ ಬೆನ್ನಿಗೆ ಬಿಗಿದರು. ಅಂಗಿಯ ಮೇಲೆ ಬೆಲ್ಲದ ರಕ್ತ. ಬಾರಿಸಲು ಹಲಗೆಯ ಬದಲು ಎಣ್ಣೆ ಡಬ್ಬಿ. ದಾರಿಯುದ್ದಕ್ಕೂ ಎರಚಲು ತಂದ ಚುರುಮುರಿಯಲ್ಲಿ ಅರ್ಧವನ್ನು ಹೊರುವವರೇ ತಿಂದು ಮುಗಿಸಿದ್ದರು.

“ಉಸಿರು ಸಣ್ಣಗ ಬಿಡಲೇ,” ಎಂದ ಶಿವು. “ಹೊಟ್ಟಿ ಅಳ್ಳಾಡಾಕತ್ತೈತಿ.”

ಊರೊಳಗೆ ತೆಗೆದರೆ ಹಿರಿಯರು ಬಯ್ಯುತ್ತಾರೆಂದು ಡಾಂಬರು ರಸ್ತೆಗೆ ಒಯ್ದರು. ಶನಿವಾರ ಕದರಮಂಡಲಗಿಯ ಹನುಮಪ್ಪನಿಗೆ ನಡೆದುಕೊಳ್ಳುವ ಮಂದಿ ಆ ರಸ್ತೆಯಲ್ಲಿ ಬಹಳ ಎಂಬುದು ನಮಗೆ ಗೊತ್ತಿದ್ದದ್ದೇ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲು ಒಂದು ಬೈಕು ನಿಂತಿತು. ಕಣ್ಣು ಮುಚ್ಚಿದ್ದ ನನಗೆ ಕಾಣುತ್ತಿರಲಿಲ್ಲ, ಚಪ್ಪಲಿ ಬಿಟ್ಟು ಬಂದ ಬರಿಗಾಲಿನ ಸಪ್ಪಳ ಕೇಳಿಸಿತು. ಆಮೇಲೆ ಇನ್ನೊಂದು ಬೈಕು, ಒಂದು ಟ್ರ್ಯಾಕ್ಟರು. ಬೆಲ್ಲಕ್ಕೆ ಮುತ್ತಿದ ನೊಣಗಳು ನನ್ನ ತುಟಿಯ ಮೇಲೆ ಓಡಾಡಿದರೂ ನಾನು ಅಲುಗಾಡಲಿಲ್ಲ. ಕೆಲಸ ಅಂದರೆ ಕೆಲಸ.

“ಯಾರ ಮಗನಪಾ?” ಒಬ್ಬ ಮುದುಕನ ದನಿ.

ಶಿವು ಮೊಬೈಲು ಇಳಿಸಲಿಲ್ಲ. ಅಷ್ಟು ಜನ ಬಿಟ್ಟಿಯಾಗಿ ಸಿನಿಮಾದೊಳಗೆ ಬಂದು ನಿಂತಿದ್ದರು. ಅಳುದನಿ ತೆಗೆದು ನನ್ನ ಅವ್ವನ ಹೆಸರನ್ನೇ ಹೇಳಿದ, “ನಮ್ಮೂರ ನೀಲವ್ವನ ಮಗ ರೀ. ಗಾಡಿ ಬಡೀತ್ರಿ.”

“ಏನ್ ವಯಸ್ಸಪಾ ಇದು.”

ಯಾರೋ ಮುದುಕಿ ಹತ್ತಿರ ಬಂದಳು. ಬಾಯಿಂದ ಎಲೆಅಡಿಕೆಯ ವಾಸನೆ. ಗುಡಿಯಿಂದ ತಂದ ಹೂವನ್ನು ನನ್ನ ತೊಡೆಯ ಮೇಲಿಟ್ಟು, ಎರಡೂ ಪಾದ ಮುಟ್ಟಿದಳು. ಇಟ್ಟಂಗಿ ಹೊತ್ತು ಒಡೆದ ಪಾದ. “ದುಡಿಯೂ ಕೂಸು ನೋಡ್ರಿ. ಕಾಲ ಹೆಂಗಾಗ್ಯಾವ,” ಅಂದಳು. ಆಗಲಾದರೂ ನಾನು ಏಳಬೇಕಿತ್ತು. ಏಳಲಿಲ್ಲ. ಇಷ್ಟು ಮಂದಿ ನನಗಾಗಿ ನಿಂತಿದ್ದಾರೆ, ಸಾಲಿಗೆ ಹೋಗುವ ಯಾವ ಮಗನಿಗೂ ಇಷ್ಟು ಮಂದಿ ನಿಲ್ಲುವುದಿಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತವೆ.

ಆಗ ಬ್ಯಾಡಗಿ ಕಡೆ ಹೊರಟ ಒಂದು ಟಂಟಂ ಆಟೋ ನಿಂತಿತು. ಒಳಗಿನಿಂದ ಹೆಂಗಸೊಬ್ಬಳು, “ಯಾ ನೀಲವ್ವ? ಮೆಣಸಿನಕಾಯಿ ತೊಟ್ಟು ಮುರಿಯಾಕ ಬರತಾಳಲ್ಲ, ಆಕೀನಾ?” ಎಂದು ಕೇಳಿದಳು. ಉತ್ತರಕ್ಕೂ ಕಾಯದೆ ತಾನೇ ಅಂದಳು, “ಯವ್ವಾ, ಆಕಿ ಮುಂಜಾನಿಂದ ನಮ್ಮ ಸಾಹುಕಾರರ ಅಂಗಳದಾಗ ಕುಂತಾಳ. ಆಕಿಗೆ ಗೊತ್ತೇ ಇಲ್ಲ. ಲಗೂ ನಡಿಯಪಾ.”

ಟಂಟಂ ಹೋದ ಸಪ್ಪಳ ದೂರವಾಯಿತು. ಅಪ್ಪ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಅವ್ವನಿಗೆ ನಾನು, ನನಗೆ ಅವ್ವ. ಹಣೆಯ ಬಟ್ಟೆ ಕಿತ್ತುಕೊಂಡು ಎದ್ದೆ. ಬಿದಿರು ಹೊತ್ತವರು ಕೈಬಿಟ್ಟರು. ಮುದುಕಿ ನಿಂತಲ್ಲೇ ಕುಸಿದಳು. ನಾನು ಬಿದ್ದು ಎದ್ದು ಯಾರದೋ ಸೈಕಲ್ಲು ಹತ್ತಿದೆ.

ಟಂಟಂ ಮುಟ್ಟುವ ಮೊದಲು ನಾನು ಮುಟ್ಟಬೇಕು. ಮೂರು ಭಾಗದಲ್ಲೂ ನಾನು ಎಷ್ಟೋ ಸಲ ಬೆನ್ನಟ್ಟಿದ್ದೆ, ಎಲ್ಲ ಸುಳ್ಳು ಓಟ. ಈಗ ಎದೆ ಒಡೆಯುವಂತೆ ತುಳಿದರೂ ಹೊಗೆ ಬಿಡುವ ಆ ಹಿಂಭಾಗ ಸಣ್ಣದಾಗುತ್ತಲೇ ಹೋಯಿತು. ಎದುರು ಬಂದವರು ಹಣೆ ತುಂಬ ವಿಭೂತಿ, ಕೊರಳಲ್ಲಿ ಮಾಲೆ, ಎದೆಯ ಮೇಲೆ ರಕ್ತ ಇದ್ದವನನ್ನು ಕಂಡು ರಸ್ತೆ ಬಿಟ್ಟು ಇಳಿದರು. ಬ್ಯಾಡಗಿ ಹತ್ತಿರವಾದಂತೆ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು. ಸೀನುತ್ತ ಸೀನುತ್ತಲೇ ಪೇಟೆ ಹೊಕ್ಕೆ.

ಟಂಟಂ ಅಂಗಳದ ಬಾಗಿಲಲ್ಲಿ ನಿಂತಿತ್ತು.

ಒಳಗೆ ಕೆಂಪು ರಾಶಿಗಳ ನಡುವೆ ಹೆಂಗಸರೆಲ್ಲ ಎದ್ದು ನಿಂತಿದ್ದರು. ಕೆಲವರು ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದರು. ಅವ್ವ ಮಾತ್ರ ಕುಂತೇ ಇದ್ದಳು. ತೊಟ್ಟು ಮುರಿಯುತ್ತಿದ್ದಳು. ಅಷ್ಟು ಬಿರುಸಾಗಿ ಆಕೆ ಮುರಿದದ್ದನ್ನು ನಾನು ಎಂದೂ ನೋಡಿರಲಿಲ್ಲ.

“ಏಳ ನೀಲಕ್ಕ, ಹೋಗೂಣು,” ಯಾರೋ ತೋಳು ಹಿಡಿದು ಎತ್ತುತ್ತಿದ್ದರು.

“ಅಂವ ಅಲ್ಲ ಅಂತ ಹೇಳಾಕತ್ತೇನಿ,” ಅವ್ವ ತಲೆ ಎತ್ತಲಿಲ್ಲ. “ಮುಂಜಾನಿ ರೊಟ್ಟಿ ತಿಂದು, ಮತ್ತೊಂದು ಹಾಕವ್ವ ಅಂದಾನ. ಸಾಯಾಂವ ಮತ್ತೊಂದು ರೊಟ್ಟಿ ಕೇಳತಾನೇನು? ಬ್ಯಾರೆ ಯಾರೋ ನೀಲವ್ವನ ಮಗ ಇರಬೇಕು. ಪಾಪ, ಯಾರೋ ಏನೋ.”

“ಅವ್ವ,” ಎಂದೆ.

ಹೆಂಗಸರು ಹೌಹಾರಿ ಹಿಂದೆ ಸರಿದರು. ಅವ್ವ ನೋಡಿದಳು. ಹಣೆ ನೋಡಿದಳು, ಮಾಲೆ ನೋಡಿದಳು. ಆ ನೋಟ ನನ್ನನ್ನು ಗುರುತಿಸಲಿಲ್ಲ. ಬದುಕಿದವನನ್ನು ನೋಡುವ ನೋಟವೇ ಅಲ್ಲ ಅದು. ಮೆಲ್ಲಗೆ ಎದ್ದಳು. ಬಂದು ಎರಡೂ ಕೈಯಲ್ಲಿ ನನ್ನ ಮುಖ ಹಿಡಿದಳು. ಗಲ್ಲ, ಮೂಗು, ಕಣ್ಣು, ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದಳು.

ದಿನವಿಡೀ ಮೆಣಸಿನಕಾಯಿ ಹಿಡಿದ ಕೈಯನ್ನು ಆ ಹೆಂಗಸರು ಎಣ್ಣೆ ಹಚ್ಚಿ ತೊಳೆಯದೆ ತಮ್ಮ ಕಣ್ಣಿಗೂ ಒಯ್ಯುವುದಿಲ್ಲ. ಅವ್ವನಿಗೆ ಆ ಹೊತ್ತು ಅದರ ನೆನಪಿರಲಿಲ್ಲ. ನನ್ನ ಮುಖವೆಲ್ಲ ಉರಿ ಹತ್ತಿತು. ಕಣ್ಣಿಂದ ನೀರು ದಳದಳ ಸುರಿಯಿತು. ಅಂಗಿಯ ಮೇಲಿನದು ರಕ್ತವಲ್ಲ, ಬೆಲ್ಲ ಎಂಬುದು ಅಷ್ಟರಲ್ಲಿ ಹೆಂಗಸರಿಗೂ ತಿಳಿದಿತ್ತು. “ಅಳ್ಳಿ ಬಿಡ್ರಿ, ಬುದ್ಧಿ ಬರತೈತಿ,” ಎಂದಳು ಒಬ್ಬಳು. ಮೆಣಸಿನಕಾಯಿಗೆ ಬಂದ ನೀರನ್ನು ಅವರು ಪಶ್ಚಾತ್ತಾಪ ಎಂದುಕೊಂಡರು. ಅದು ಬಂದದ್ದು ಆಮೇಲೆ.

“ಯಾಕ ಮಾಡಿದಿ?” ಎಂದಳು ಅವ್ವ.

“ಸಿನಿಮಾಕ್ಕವ್ವ.”

“ಸಿನಿಮಾದಾಗ ಸಾಯಬೇಕಿತ್ತೇನು?”

“ಕೊನೀ ಭಾಗ ಅದು.”

ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ, ಹೊಡೆಯಲಿಲ್ಲ. ಕೊರಳಿನ ಮಾಲೆ ತೆಗೆದು ಕಸದ ರಾಶಿಗೆ ಎಸೆದಳು. ತಿರುಗಿ ಹೋಗಿ ತನ್ನ ರಾಶಿಯ ಮುಂದೆ ಕುಂತಳು. ಸಾಹುಕಾರರು ಮನೆಗೆ ಹೋಗೆಂದರೂ, “ಚೀಲ ಮುಗಿಸಿ ಹೊಕ್ಕೇನ್ರಿ,” ಅಂದಳು. ಒಂದು ಕಾಯಿ ಎತ್ತಿಕೊಂಡಳು. ತೊಟ್ಟು ಬೆರಳಿಗೆ ಸಿಗಲಿಲ್ಲ. ಮತ್ತೆ ಹಿಡಿದಳು, ಮತ್ತೆ ತಪ್ಪಿತು. ನಾನು ಪಕ್ಕದಲ್ಲಿ ಕುಂತು ಮುರಿಯತೊಡಗಿದೆ. ಅವ್ವ ನನ್ನತ್ತ ನೋಡಲಿಲ್ಲ.

ಸಿನಿಮಾ ಮುಗಿಯಲಿಲ್ಲ. ಶಿವು ಒಂದೇ ಒಂದು ಸಲ ಕೇಳಿದ, “ಅಂಥಾ ಜನ ಮತ್ತೆಲ್ಲಿ ಸಿಗಬೇಕಲೇ?” ನಾನು ಎದ್ದು ಬಂದೆ.

ಈಗ ರಾಣೆಬೆನ್ನೂರಿನಲ್ಲಿ ನನ್ನ ಕೈಕೆಳಗೆ ಗೌಂಡಿಗಳಿದ್ದಾರೆ. ನಾನು ನಿಲ್ಲಿಸಿದ ಗೋಡೆಗೆ ಓದಿದ ಇಂಜಿನಿಯರು ಬಂದು ಮಟ್ಟ ನೋಡಲು ದಾರ ಹಿಡಿದರೂ ಚಿಂತೆಯಿಲ್ಲ. ಹಾವೇರಿಯಲ್ಲಿ ಮೊಬೈಲು ರಿಪೇರಿ ಮಾಡುವ ಶಿವುಗೆ ಮೊನ್ನೆ ಹಳೆಯ ಕಾರ್ಡು ಸಿಕ್ಕಿತಂತೆ, ಆ ಮೆರವಣಿಗೆಯ ತುಣುಕನ್ನು ವಾಟ್ಸ್ಯಾಪಿಗೆ ಕಳಿಸಿದ್ದ. ಕಣ್ಣು ಮುಚ್ಚಿ ಕುಂತಿದ್ದರಿಂದ ಅಂದು ನಾನು ಯಾರ ಮುಖವನ್ನೂ ನೋಡಿರಲಿಲ್ಲ. ಮುದುಕ ರುಮಾಲು ತೆಗೆದು ಕಂಕುಳಲ್ಲಿ ಹಿಡಿದಿದ್ದಾನೆ. ಟ್ರ್ಯಾಕ್ಟರಿನವನು ಹಾಡು ನಿಲ್ಲಿಸಲು ಓಡುತ್ತಾನೆ. ಮುದುಕಿ ನನ್ನ ಪಾದ ಬಿಟ್ಟವಳು ಆ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತಾಳೆ. ಯಾರ ಮನೆಯವಳೋ, ಯಾವ ಊರಿನವಳೋ. ಪೂರ್ತಿ ನೋಡಲಾಗಲಿಲ್ಲ. ಕೆಲಸದವರು ಕಂಡಾರೆಂದು ಮೊಬೈಲು ಕಿಸೆಗೆ ಹಾಕಿಕೊಂಡೆ.

ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ, ಮೊಮ್ಮಗನ ಜೊತೆ ಜಗಳಾಡುತ್ತ ಗಟ್ಟಿಯಾಗಿಯೇ ಇದ್ದಾಳೆ. ಆ ಶನಿವಾರದ ಮಾತನ್ನು ಒಮ್ಮೆಯೂ ಎತ್ತಿದವಳಲ್ಲ. ಆದರೆ ಅದಕ್ಕೂ ಮೊದಲು ನಾನು ದುಡಿದು ಬಂದು ಕುಂತಲ್ಲೇ ತೂಕಡಿಸಿದರೆ, ಯಾರೂ ಸಪ್ಪಳ ಮಾಡದಂತೆ ನೋಡಿಕೊಳ್ಳುತ್ತ, ನೊಣ ಹೊಡೆಯುತ್ತ, ಎಷ್ಟು ಹೊತ್ತಾದರೂ ನನ್ನ ನಿದ್ದೆಯನ್ನು ನೋಡುತ್ತ ಪಕ್ಕದಲ್ಲಿರುತ್ತಿದ್ದಳು. ಅದು ಅವತ್ತಿಗೇ ಮುಗಿಯಿತು. ಆ ಮೆರವಣಿಗೆಯ ಕುರ್ಚಿಯನ್ನು ಅವ್ವ ಕಣ್ಣಾರೆ ಕಾಣದಿದ್ದರೂ, ಇಂದಿಗೂ ನಾನು ಸಂಜೆ ಪಡಸಾಲೆಯ ಕುರ್ಚಿಯಲ್ಲಿ ಕುಂತು ಕಣ್ಣು ಮುಚ್ಚಿದರೆ ಸಾಕು, ಅಡಿಗೆಮನೆಯಿಂದ ಬಂದು ಭುಜ ಅಲುಗಿಸುತ್ತಾಳೆ.

“ಮಾಲತೇಶ. ಏ ಮಾಲತೇಶ.”

“ಏನವ್ವ?”

“ಏನಿಲ್ಲ,” ಅನ್ನುತ್ತಾಳೆ, “ಮಾತಾಡಿದ್ಯಲ್ಲ, ಸಾಕು.”