ಅಷ್ಟಮಿಯ ದಿನ ಹುಣ್ಣಿಮೆ ಚಂದ್ರ

ಮಂಜಗುಣಿಯ ಕಾಶಿ ಹರಿಕಂತ್ರ ಮೂವತ್ತು ವರ್ಷಗಳಿಂದ ಗಂಗಾವಳಿ ಹೊಳೆಯಲ್ಲಿ ಬಳಚು ಆರಿಸುವವಳು. ಸಮುದ್ರದ ಇಳಿತಕ್ಕೆ ಹೊಳೆಯ ನೀರು ಚೆನ್ನಾಗಿ ಇಳಿದರೆ ಮಾತ್ರ ಆ ಚಿಪ್ಪುಮೀನುಗಳು ಕೈಗೆ ಸಿಗುತ್ತವೆ. ಆ ಇಳಿತ ಚಂದ್ರನನ್ನು ಹಿಡಿದು ಹೆಚ್ಚು ಕಡಿಮೆಯಾಗುವುದರಿಂದ ತಿಥಿ ನೋಡಲು ಅವಳಿಗೆ ಕ್ಯಾಲೆಂಡರ್ ಬೇಕಿಲ್ಲ.

ಕಳೆದ ಮಾಘದ ಶುಕ್ಲ ಅಷ್ಟಮಿಯಂದು, ಎಲ್ಲ ಅಷ್ಟಮಿಗಳಂತೆ, ನೀರು ಪೂರ್ತಿ ಇಳಿಯದೆ ಅರ್ಧ ಬುಟ್ಟಿಯೂ ತುಂಬಲಿಲ್ಲ. ಸಂಜೆ ಏಳಕ್ಕೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಪಕ್ಕದ ಮನೆಯ ಹರೀಶ ಮಾಸ್ತರರು ಒಂದು ಫೋಟೋ ಹಾಕಿದರು. ತಟ್ಟೆಯಂತೆ ದುಂಡಗಿನ ಚಂದ್ರ. ಕೆಳಗೆ, ‘ನಮ್ಮ ಹಿತ್ತಲಿನ ಟೆಲಿಸ್ಕೋಪಿನಿಂದ ಈಗಷ್ಟೇ ತೆಗೆದದ್ದು.’ ಊರೆಲ್ಲ ಕೈ ಮುಗಿದು ಹೆಬ್ಬೆರಳು ಎತ್ತಿತು.

ಕಾಶಿ ಅಂಗಳಕ್ಕೆ ಬಂದು ಕತ್ತೆತ್ತಿದಳು. ನೆತ್ತಿಯ ಮೇಲೆ ಅರ್ಧ ಚಂದ್ರ. ಗುಂಪಿನಲ್ಲಿ ಏನೂ ಹೇಳದೆ ನೇರ ಬೇಲಿ ದಾಟಿದಳು.

“ಮಾಸ್ತರೇ, ನಿಮ್ಮ ಹಿತ್ತಲಲ್ಲಿ ಹುಣ್ಣಿಮೆಯಾ? ನಮ್ಮ ಹಿತ್ತಲಲ್ಲಿ ಇನ್ನೂ ಅಷ್ಟಮಿ ಅದೆ!”

ಮಾಸ್ತರರ ಮುಖ ಬಾಡಿತು. “ಮೆಲ್ಲಗೆ ಮಾತಾಡು ಕಾಶಕ್ಕ. ಅದು ನೆಟ್ಟಿನಲ್ಲಿ ಸಿಕ್ಕಿದ್ದು. ನಾ ತೆಗೆದದ್ದೆಲ್ಲ ಒಡೆದ ಮೊಟ್ಟೆ ಹಾಗೆ ಆಗ್ತದೆ. ಕೈ ನಡುಗ್ತದೆ, ಎಂತ ಮಾಡೂದು?”

“ಆಚೆ ಸರೀರಿ. ನಾ ನೋಡ್ತೆ.”

ಅವಳು ತನ್ನ ಮೊಬೈಲನ್ನು ದುರ್ಬೀನಿನ ಕಣ್ಣಿಗೆ ಹಿಡಿದಳು. ಚಂದ್ರ ಒಂದು ಅಂಚಿನಿಂದ ಬಂದವನು ಇನ್ನೊಂದು ಅಂಚಿಗೆ ಜಾರಿ ಮಾಯವಾದ.

“ಇವ ಓಡ್ತಾನಲ್ರೋ!”

“ಓಡೂದು ನಾವು, ಕಾಶಕ್ಕ. ಭೂಮಿ ತಿರುಗ್ತದಲ್ಲ, ಒಂದು ದಿವಸಕ್ಕೆ—”

“ಪಾಠ ನಾಳೆ. ಈಗ ಬಾಯಿ ಮುಚ್ಚಿ.”

ಎರಡನೇ ಸಲ ಅವಳು ಅವನ ಹಿಂದೆ ಹೋಗಲಿಲ್ಲ. ಕೊಳವೆಯನ್ನು ತುಸು ಮುಂದಕ್ಕೆ ತಿರುಗಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು ಕಾದಳು. ಚಂದ್ರ ತಾನಾಗಿಯೇ ನಡುವಿಗೆ ಬಂದಾಗ ಬೆರಳು ಒತ್ತಿದಳು. ಬೆಳಕು ಕತ್ತಲೆ ಕೂಡುವ ಗೆರೆಯ ಉದ್ದಕ್ಕೂ ಒಂದೊಂದು ಕುಳಿಯೂ ಸ್ಪಷ್ಟ, ಅದರ ನೆರಳೂ ಸ್ಪಷ್ಟ. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

ಅವರು ತಡೆಯುವಷ್ಟರಲ್ಲಿ ಕಾಶಿ ಅದನ್ನು ಗುಂಪಿಗೆ ಕಳಿಸಿಯಾಗಿತ್ತು. ಕೂಡಲೇ ದೋಣಿಯ ಸುನಿಲ ಕೇಳಿದ: ‘ಇಂದು ಮಂಜಗುಣಿಗೆ ಎಷ್ಟು ಚಂದ್ರ?’

ಮಾಸ್ತರರು ಕೈ ಜೋಡಿಸಿದರು. ಕಾಶಿ ಅವರನ್ನು ಸ್ವಲ್ಪ ಹೊತ್ತು ಬೇಯಲು ಬಿಟ್ಟು, ಫೋನಿಗೆ ಬಾಯಿ ಹಚ್ಚಿ ಹೇಳಿದಳು: “ಮೊದಲಿನದ್ದು ತಪ್ಪಿ ಬಂದದೆ. ಎರಡನೇದೇ ನಮ್ಮ ಚಂದ್ರ.” ಆಮೇಲೆ ಮಾಸ್ತರರಿಗೆ, “ಇನ್ನು ಪ್ರತಿ ಅಷ್ಟಮಿಗೆ ದುರ್ಬೀನು ನನ್ನದು. ಚಾ ನಿಮ್ಮದು.”

ಆ ಫೋಟೋವನ್ನು ಮಾಸ್ತರರೇ ದೊಡ್ಡದಾಗಿ ಮುದ್ರಿಸಿ, ಕಾಶಿಯ ಹೆಸರು ಬರೆದು ಶಾಲೆಯ ಗೋಡೆಗೆ ಹಚ್ಚಿದರು. ನೋಡಲು ಬಂದ ಅವಳನ್ನು ಮಕ್ಕಳು ಮುತ್ತಿಕೊಂಡು, ಹೇಗೆ ತೆಗೆದೆ ಎಂದು ಕೇಳಿದರು.

“ಉಸಿರು ಹಿಡಿದು ಸುಮ್ಮನೆ ನಿಲ್ಲೂದು, ಅಷ್ಟೇ,” ಎಂದಳು ಕಾಶಿ. “ನಿಮ್ಮ ಮಾಸ್ತರಿಗೆ ಸುಮ್ಮನೆ ನಿಲ್ಲೂದೇ ಕಷ್ಟ.”

ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರರೇ.